ಕೈ ಕಟ್ಟಿಕೊಂಡು ಮಾಡುವ ಬೇಸಾಯ

ನಮ್ಮ ಹಿತ್ತಿಲ ಕಾಂಪೌಂಡು ಎದೆಮಟ್ಟದ್ದು. ಈ ಕಡೆ ಏನು ಮಾಡಿದರೂ ಆ ಕಡೆಯಿಂದ ಒಂದು ಸಲಹೆ ದಾಟಿ ಬರುತ್ತದೆ, ಪುಕ್ಕಟೆ. ತೊಟ್ಟಿಯಲ್ಲಿ ಮೀನು ಬಿಟ್ಟು ಅದೇ ನೀರಲ್ಲಿ ಸೊಪ್ಪು ಬೆಳೆಯಲು ಹೊರಟ ಮೇಲಂತೂ, ಸೊಪ್ಪಿಗಿಂತ ಮುಂಚೆ ಸಲಹೆಯೇ ಚಿಗುರಿತು. ಎಲ್ಲರ ರಾಗವೂ ಒಂದೇ: ಹಾಕಿ. ಎಲೆ ಹಳದಿ ತಿರುಗಿದೆಯಾ, ಜೀವಾಮೃತ ಹಾಕಿ ಅನ್ನುತ್ತಾರೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಹೇನು ಹತ್ತಿದೆಯಾ, ಬೇವಿನೆಣ್ಣೆ ಹಾಕಿ ಅನ್ನುತ್ತಾನೆ ಎದುರು ಮನೆ ಹುಡುಗ. ಮೀನು ಯಾಕೋ ಸೊರಗಿದ ಹಾಗಿವೆ, ಒಂದು ಹಿಡಿ ಅನ್ನ ಹಾಕಬಾರದೇನಪ್ಪ, ಅನ್ನುತ್ತಾರೆ ಹಿಂದಿನ ಮನೆ ಅಜ್ಜಿ. ‘ಇದನ್ನು ಕಮ್ಮಿ ಮಾಡಿ, ಅದನ್ನು ಬಿಡಿ’ ಅಂದವರು ಒಬ್ಬರೂ ಇಲ್ಲ. ಆದರೆ ಅಕ್ವಾಪೋನಿಕ್ಸ್ ಅನ್ನುವ ಈ ಬೇಸಾಯದ ಮರ್ಮವೆಲ್ಲ ಇರುವುದು ಹಾಕದೆ ಇರುವುದರಲ್ಲಿ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವ ಜಾಯಮಾನದವರಿಗೆ ಇದು ಹೇಳಿಸಿದ್ದಲ್ಲ.

ವಿಷಯ ಇಷ್ಟೇ. ಕೆಳಗೊಂದು ತೊಟ್ಟಿ, ಅದರಲ್ಲಿ ಮೀನು. ಮೇಲೆ ಒಂದಡಿ ಆಳದ ಮಡಿ, ಅದರ ತುಂಬ ಮುಕ್ಕಾಲಿಂಚು ಜಲ್ಲಿ. ಮಣ್ಣು ಅಂತ ಒಂದು ಬೊಗಸೆಯೂ ಇಲ್ಲ. ಪುಟ್ಟ ಪಂಪೊಂದು ತೊಟ್ಟಿಯ ನೀರನ್ನು ಮಡಿಗೆ ಎತ್ತುತ್ತದೆ, ಜಲ್ಲಿಯಲ್ಲಿ ಸೋಸಿಕೊಂಡು ನೀರು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಮೀನಿನ ಹೊಲಸು ಗಿಡಕ್ಕೆ ಗೊಬ್ಬರ. ಗಿಡ ಉಂಡು ಬಿಟ್ಟ ನೀರು ಮೀನಿಗೆ ಚೊಕ್ಕ. ತೊಟ್ಟಿಗೆ ಬಹಳ ಜನ ಬಳಸುವುದು ಕಬ್ಬಿಣದ ಪಂಜರದೊಳಗೆ ಕೂತ ಸಾವಿರ ಲೀಟರಿನ ಬಿಳಿ ಐಬಿಸಿ ಟ್ಯಾಂಕು. ಗುಜರಿಯಲ್ಲಿ ಸಿಗುತ್ತದೆ. ರೇಟು ಕೇಳುವ ಮೊದಲು ಇದರಲ್ಲಿ ಏನು ತುಂಬಿತ್ತು ಅಂತ ಕೇಳಬೇಕು. ಅಡುಗೆ ಎಣ್ಣೆಯೋ ಸಕ್ಕರೆ ಪಾಕವೋ ಆದರೆ ತೊಳೆದು ಬಳಸಬಹುದು; ಕೀಟನಾಶಕವೋ ದ್ರಾವಕವೋ ಆಗಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ಜಲ್ಲಿಗೂ ಒಂದು ಪರೀಕ್ಷೆ ಉಂಟು. ನಾಲ್ಕು ಕಲ್ಲಿನ ಮೇಲೆ ವಿನಿಗರ್ ಬಿಡಬೇಕು. ನೊರೆ ಎದ್ದರೆ ಸುಣ್ಣದ ಕಲ್ಲು, ನೀರಿನ ಪಿಎಚ್ ಏರಿಸುತ್ತಲೇ ಇರುತ್ತದೆ. ನಮ್ಮ ತುಮಕೂರು ಸೀಮೆಯ ಕ್ರಷರ್ ಜಲ್ಲಿ ಗ್ರಾನೈಟಿನದು, ಆ ಭಯ ಕಮ್ಮಿ.

ಇಷ್ಟು ಜೋಡಿಸಿದ ಮೇಲೆ ಶುರುವಾಗುವುದು ಕಾಯುವ ಕೆಲಸ. ಮೀನು ಕಿವಿರಿನಿಂದ ಬಿಡುವ ಅಮೋನಿಯಾ ಮೀನಿಗೇ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಗಿಡಕ್ಕೆ ಊಟ. ಇವೆಲ್ಲ ಸೂಕ್ಷ್ಮಜೀವಿಗಳ ಕೈಚಳಕ ಎಂದು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವನು ರಷ್ಯದ ವಿನೋಗ್ರಾಡ್‌ಸ್ಕಿ. ಅವನು ತೋರಿಸುವ ಮೊದಲೇ ನಮ್ಮವರು ಅವುಗಳ ದುಡಿಮೆಯನ್ನು ಕೆರೆದು ಮಾರುತ್ತಿದ್ದರು. ಗಂಜಲ ಬಿದ್ದ ಹಳೇ ಮಣ್ಣಿನಿಂದ ತೆಗೆಯುತ್ತಿದ್ದ ಪೆಟ್ಲುಪ್ಪು ಹುಟ್ಟಿದ್ದು ಇದೇ ಬ್ಯಾಕ್ಟೀರಿಯಾಗಳಿಂದ. ಮದ್ದುಗುಂಡಿಗೆ ಬೇಕಾಗಿದ್ದೂ ಅದೇ ಉಪ್ಪು. ಟಿಪ್ಪುವಿನ ರಾಕೆಟ್ಟು ಹಾರಿಸಿದ ನೈಟ್ರೇಟೇ ನಮ್ಮ ಬಸಳೆಗೆ ಎಲೆ ಬಿಡಿಸುತ್ತದೆ ಅಂದರೆ ಮೇಷ್ಟ್ರು ನಂಬುವುದಿಲ್ಲ.

ಈ ಜೀವಿಗಳು ಜಲ್ಲಿಯ ಮೈಮೇಲೆ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಚಳಿಗಾಲವಾದರೆ ಇನ್ನೂ ತಡ. ಈಗಾಗಲೇ ನಡೆಯುತ್ತಿರುವ ಯಾರದಾದರೂ ಮಡಿಯಿಂದ ಒಂದು ಬುಟ್ಟಿ ಜಲ್ಲಿ ತಂದು ಬೆರೆಸಿದರೆ ಬೇಗ ಕೈಗೂಡುತ್ತದೆ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆಯೇ. ಮೀನು ಬರುವವರೆಗೆ ಅಮೋನಿಯಾ ಹುಟ್ಟಲೆಂದು ಚಿಟಿಕೆ ಮೇವನ್ನು ನೀರಲ್ಲಿ ಕೊಳೆಯಲು ಬಿಡಬೇಕು. ಅಷ್ಟು ದಿನ ತೊಟ್ಟಿಯಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಪರೀಕ್ಷೆಯ ಗಾಜಿನ ನಳಿಗೆಯಲ್ಲಿ ಮಾತ್ರ ಕಾಣುತ್ತದೆ: ನಾಲ್ಕು ಹನಿ ರಾಸಾಯನಿಕ ಬಿಟ್ಟು ಅಲ್ಲಾಡಿಸಿದರೆ ಅಮೋನಿಯಾ ಇದ್ದಷ್ಟೂ ಹಸಿರು, ಇಲ್ಲವಾದರೆ ನಿಂಬೆ ಹಳದಿ. ಹಸಿರು ಇಳಿದು ಹಳದಿಗೆ ಬಂದು, ನೈಟ್ರೈಟಿನ ನೇರಳೆಯೂ ತೊಲಗಿ, ನೈಟ್ರೇಟಿನ ನಳಿಗೆ ಕಿತ್ತಳೆಗೆ ತಿರುಗಿದ ದಿನ ಮೀನು ತರಬಹುದು. ಅಲ್ಲಿಯವರೆಗೂ ಅಜ್ಜಿಯದು ಒಂದೇ ಪ್ರಶ್ನೆ: ‘ನೀರು ತುಂಬಿಟ್ಟು ಕಾಯ್ತಾ ಇದ್ದೀಯಲ್ಲ, ಯಾರಿಗೆ?’

ಮೀನು ಬಂದ ಮೇಲೆ ಊರಿನವರ ಕರುಣೆ ಉಕ್ಕುತ್ತದೆ. ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿ ಬಂದವರೇ. ಅಲ್ಲಿ ಅದು ಪುಣ್ಯ, ಯಾಕೆಂದರೆ ಹೊಳೆ ಹರಿಯುತ್ತದೆ. ಸಾವಿರ ಲೀಟರಿನ ತೊಟ್ಟಿಯಲ್ಲಿ ಅದೇ ಪುಣ್ಯ ರಾತ್ರಿಯೊಳಗೆ ಅಮೋನಿಯಾ ಆಗುತ್ತದೆ. ಹಿಡಿ ಮೇವು ತಿನ್ನದೆ ತಳಕ್ಕೆ ಕೂತು ಕೊಳೆತರೆ ಎಲ್ಲ ಲೆಕ್ಕವೂ ತಲೆಕೆಳಗು. ಬೆಳೆದ ಮೀನಿಗೆ ದಿನಕ್ಕೆ ಅದರ ತೂಕದ ನೂರಕ್ಕೆ ಒಂದೆರಡು ಪಾಲು ಮೇವು ಸಾಕು. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ, ಉಳಿದದ್ದನ್ನು ಜಾಲರಿಯಲ್ಲಿ ಎತ್ತಬೇಕು. ಗಿಡಗಳ ಲೆಕ್ಕವೂ ಇದೇ ಮೇವಿನಿಂದ ಹುಟ್ಟುತ್ತದೆ. ಸೊಪ್ಪಿನ ಮಡಿಯಾದರೆ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು. ಟೊಮೇಟೊ, ಮೆಣಸಿನಕಾಯಿಯಾದರೆ ಇನ್ನಷ್ಟು. ಹತ್ತು ಕೆ.ಜಿ. ಮೀನು ಇದ್ದರೆ 150 ಗ್ರಾಂ ಮೇವು, ಅದಕ್ಕೆ ಮೂರು ಚದರ ಮೀಟರ್ ಸೊಪ್ಪು. ಮೀನು ಎಷ್ಟು ಇವೆ ಅಂತ ಕೇಳುವವರು ಬಹಳ, ಮೇವು ಎಷ್ಟು ಗ್ರಾಂ ಅಂತ ಕೇಳುವವನೇ ಈ ಕಸುಬು ಬಲ್ಲವನು.

ಇನ್ನು ನೀರು. ನಗರಸಭೆಯ ನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಅದು ಮೀನಿಗೂ ಆಗದು, ನಾವು ವಾರಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾಕ್ಕೂ ಆಗದು. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಗಾಳಿಗುಳ್ಳೆ ಹಾಯಿಸಿಟ್ಟರೆ ಹಾರಿ ಹೋಗುತ್ತದೆ. ಬೋರ್‌ವೆಲ್ ನೀರಾದರೆ ಗಡಸು. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವ ಸೀಮೆಯಲ್ಲಿ ಪಿಎಚ್ ಎಂಟರ ಆಸುಪಾಸೇ ಇರುತ್ತದೆ. ಮೀನಿಗೆ ಏಳೂವರೆ ಹಿತ, ಗಿಡಕ್ಕೆ ಆರೂವರೆ ಹಿತ, ಬ್ಯಾಕ್ಟೀರಿಯಾಕ್ಕೆ ಇನ್ನೂ ಮೇಲೆ. ಮೂವರನ್ನೂ ಕೂರಿಸಿ ಏಳರ ಹತ್ತಿರ ರಾಜಿ ಮಾಡಿಸಬೇಕು. ಪಿಎಚ್ ಏರಿದಷ್ಟೂ, ಬಿಸಿಲು ಹೆಚ್ಚಿದಷ್ಟೂ ಅದೇ ಅಮೋನಿಯಾದ ವಿಷ ಹೆಚ್ಚುತ್ತದೆ. ಚಾವಣಿಯ ಮಳೆನೀರು ಹಿಡಿದು ಬೆರೆಸುವುದು ನಮಗೆ ದಕ್ಕಿದ ಸುಲಭ ಉಪಾಯ.

ಮೇಷ್ಟ್ರು ಕಂಡ ಹಳದಿ ಎಲೆಯ ಸಂಗತಿಯೂ ಇದೇ ಪಿಎಚ್‌ದು. ಎಲೆಯನ್ನು ಕೈಗೆತ್ತಿಕೊಂಡು ನೋಡಬೇಕು. ಬುಡದ ಹಳೇ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕದ ಕೊರತೆ. ತುದಿಯ ಎಳೆ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆ ಎಳೆದ ಹಾಗೆ ಉಳಿದಿದ್ದರೆ ಕಬ್ಬಿಣದ ಕೊರತೆ. ಗಡಸು ನೀರಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕುವುದಿಲ್ಲ. ಮೀನಿನ ಮೇವು ಮೀನಿಗೆಂದು ಮಾಡಿದ್ದು, ಹಾಗಾಗಿ ಗಿಡಕ್ಕೆ ಬೇಕಾದ ಕಬ್ಬಿಣ, ಪೊಟ್ಯಾಷ್, ಕ್ಯಾಲ್ಸಿಯಂ ಅದರಲ್ಲಿ ಸಾಲದು. ಹಾಕಬೇಕಾದ್ದು ಇಷ್ಟೇ: ಚೀಲೇಟ್ ಮಾಡಿದ ಕಬ್ಬಿಣ ಚಿಟಿಕೆ ಲೆಕ್ಕದಲ್ಲಿ, ಬ್ಯಾಕ್ಟೀರಿಯಾಗಳ ಕೆಲಸದಿಂದ ತಿಂಗಳು ಕಳೆದಂತೆ ನೀರು ಹುಳಿಯಾದಾಗ ಒಂದಿಷ್ಟು ಸುಣ್ಣದಂಶ ಅಥವಾ ಪೊಟ್ಯಾಸಿಯಂ ಬೈಕಾರ್ಬೊನೇಟ್. ಅದೂ ಅಳೆದು, ಮರುದಿನ ಪರೀಕ್ಷಿಸಿ. ಜೀವಾಮೃತ ಹೊಲಕ್ಕೆ ಒಳ್ಳೆಯದೇ ಇರಬಹುದು. ತೊಟ್ಟಿಗೆ ಗಂಜಲ ಬಿದ್ದರೆ ಅಮೋನಿಯಾ ಒಮ್ಮೆಲೇ ಏರುತ್ತದೆ, ಹಸಿ ತಿನ್ನುವ ಕೊತ್ತಂಬರಿಗೆ ಸಗಣಿಯ ರೋಗಾಣುವೂ ಅಂಟುತ್ತದೆ. ಬೇವಿನೆಣ್ಣೆ ಎಲೆಯ ಮೇಲಿನ ಹೇನನ್ನು ಕೊಂದು ಕೆಳಗಿನ ಮೀನನ್ನೂ ಬಿಡುವುದಿಲ್ಲ. ಹೇನಿಗೆ ರಭಸದ ನೀರು ಚಿಮ್ಮಿಸುವುದು, ಗುಲಗಂಜಿ ಹುಳ ಬಂದು ತಿನ್ನಲಿ ಅಂತ ಬಿಡುವುದು, ತೀರಾ ಹತ್ತಿದ ಗಿಡವನ್ನು ಕಿತ್ತು ಎಸೆಯುವುದು. ಮೂರನೆಯದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

ಸುಮ್ಮನೆ ನಿಂತು ನೋಡುವುದಾದರೆ ನೋಡಬೇಕಾದ್ದು ಬೆಲ್ ಸೈಫನ್ನು. ಮಡಿಯ ನಡುವೆ ಒಂದು ನೆಟ್ಟಗಿನ ಪೈಪು, ಅದರ ಮೇಲೆ ತಲೆ ಮುಚ್ಚಿದ ದೊಡ್ಡ ಪೈಪು ಬೋರಲಾಗಿ ಕೂತಿರುತ್ತದೆ. ನೀರು ಜಲ್ಲಿಯೊಳಗೆ ಏರುತ್ತ ಏರುತ್ತ ಒಳಪೈಪಿನ ಬಾಯಿ ದಾಟಿದ್ದೇ ಗೊಳಗೊಳನೆ ಎಳೆದುಕೊಂಡು ಒಂದೆರಡು ನಿಮಿಷದಲ್ಲಿ ಮಡಿಯೆಲ್ಲ ಬರಿದು. ಕೊನೆಗೆ ಗಾಳಿ ಹೊಕ್ಕು ‘ಗೊರ್ರ್’ ಅಂತ ಗೊರಕೆ ಹೊಡೆದು ನಿಲ್ಲುತ್ತದೆ. ಬೇರಿಗೆ ಒಮ್ಮೆ ನೀರು, ಒಮ್ಮೆ ಗಾಳಿ. ಕರೆಂಟಿಲ್ಲ, ಟೈಮರಿಲ್ಲ, ತಿರುಗುವ ಭಾಗ ಒಂದೂ ಇಲ್ಲ. ಪಂಪಿನ ನೀರು ತೀರಾ ಕಮ್ಮಿಯಾದರೆ ಎಳೆತವೇ ಶುರುವಾಗದೆ ಸೋರುತ್ತಾ ಇರುತ್ತದೆ, ಹೆಚ್ಚಾದರೆ ಶುರುವಾದದ್ದು ನಿಲ್ಲುವುದಿಲ್ಲ. ಒಮ್ಮೆ ಹದ ಸಿಕ್ಕಿದ ಮೇಲೆ ವಾಲ್ವಿನ ತಂಟೆಗೆ ಹೋಗಬಾರದು. ಎದುರು ಮನೆ ಹುಡುಗ ಬಂದಾಗೆಲ್ಲ ಅವನ ಬೆರಳು ಆ ವಾಲ್ವಿನ ಕಡೆಗೇ ಹರಿಯುತ್ತದೆ.

ಇಡೀ ಏರ್ಪಾಟಿನ ಪ್ರಾಣ ಇರುವುದು ಗಾಳಿಯಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಕರೆಂಟು ಹೋಯಿತೆಂದರೆ ನಾವು ಬೀಸಣಿಗೆ ಹುಡುಕುವ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿರುತ್ತವೆ. ಅದನ್ನು ನೋಡಿ ‘ಹಸಿದಿವೆ’ ಅಂತ ಮೇವು ಎಸೆಯುವವರಿದ್ದಾರೆ! ಮೇವು ಅರಗಲೂ ಆಮ್ಲಜನಕವೇ ಬೇಕು. ಬ್ಯಾಟರಿಯ ಏರ್ ಪಂಪು ಒಂದು ಇರಲೇಬೇಕು, ಕರೆಂಟು ಹೋದ ಕೂಡಲೇ ತಾನಾಗಿ ಓಡುವಂಥದ್ದು. ಖರ್ಚು ಉಳಿಸಬೇಕೆಂದರೆ ಬೇರೆ ಕಡೆ ಉಳಿಸಿ.

ಯಾವ ಮೀನು? ಗೆಂಡೆ ನಮ್ಮ ಹವೆಗೆ ಗಟ್ಟಿ. ಸಾಮಾನ್ಯ ಗೆಂಡೆ ಬೇಗ ಮೊಟ್ಟೆ ತುಂಬಿಕೊಂಡು ಬೆಳವಣಿಗೆ ನಿಲ್ಲಿಸುತ್ತದೆ; ಹಂಗೇರಿ ಮೂಲದಿಂದ ತಂದು ಬೆಂಗಳೂರಿನ ಮೀನುಗಾರಿಕೆ ಸಂಶೋಧನಾ ಕೇಂದ್ರ ಹಬ್ಬಿಸಿದ ಅಮೂರ್ ಗೆಂಡೆ ತಡವಾಗಿ ಬಲಿಯುವುದರಿಂದ ಮೈ ತುಂಬುತ್ತದೆ. ಕೆರೆಗಳಲ್ಲಿ ‘ಜಿಲೇಬಿ’ ಅಂತ ಸಿಗುವ ತಿಲಾಪಿಯಾ 1952ರಲ್ಲಿ ನಮ್ಮ ದೇಶಕ್ಕೆ ಬಂದದ್ದು. ಎಂಥ ನೀರಲ್ಲೂ ಬದುಕುತ್ತದೆ, ಆದರೆ ಸಂತಾನಕ್ಕೆ ಮಿತಿಯಿಲ್ಲ, ಸಾಕಲು ಪರವಾನಗಿಯೂ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ಶನ್ನು ಸರಕಾರವೇ ನಿಷೇಧಿಸಿದೆ, ಯಾರಾದರೂ ಕದ್ದು ಕೊಟ್ಟರೂ ಬೇಡ. ತಿನ್ನದವರಿಗೆ ಕೋಯಿ, ಗೋಲ್ಡ್‌ಫಿಶ್ ಇವೆ. ಗೊಬ್ಬರ ಕೊಡುವುದರಲ್ಲಿ ಅವೂ ಹಿಂದೆ ಬೀಳವು. ಸೊಳ್ಳೆಮರಿ ಕಂಡಲ್ಲಿ ಎಲ್ಲವೂ ಬಾಯಿ ಹಾಕುತ್ತವೆ. ಮಿಂಚುಳ್ಳಿ, ಕೊಳಬಕ, ಬೀದಿಯ ಬೆಕ್ಕು, ಈ ಮೂವರಿಗೆ ಮಾತ್ರ ಬಲೆ ಕಟ್ಟಲೇಬೇಕು.

ಅಜ್ಜಿಯದು ಬೇರೆಯದೇ ಧರ್ಮಸಂಕಟ. ಮೀನು ಮುಳುಗಿ ಎದ್ದ ನೀರಿನ ಬಸಳೆ ದೇವರ ಎಡೆಗೆ ಬರುತ್ತದೋ ಇಲ್ಲವೋ? ಮೀನು ಸಾಕ್ಷಾತ್ ಮೊದಲನೇ ಅವತಾರವಲ್ಲವೇ ಅಂದೆ. ಅವತಾರವೇನೋ ಸರಿ, ಅದರ ಹೊಲಸು ಅವತಾರವೇನಪ್ಪ ಅಂದರು. ಗಂಗೆಯಲ್ಲಿ ಮೀನಿಲ್ಲವೇ ಅಂದದ್ದಕ್ಕೆ ಉತ್ತರ ಬರಲಿಲ್ಲ, ಕಾಂಪೌಂಡಿನ ಮೇಲೆ ಪಾತ್ರೆ ಬಂತು. ಬಸಳೆ, ಒಂದೆಲಗ, ಪುದೀನ, ದಂಟು ಇಂಥ ಮಡಿಯಲ್ಲಿ ಸೊಕ್ಕಿ ಬೆಳೆಯುತ್ತವೆ. ಮೂಲಂಗಿ, ಕ್ಯಾರೆಟ್ಟು ಜಲ್ಲಿಯಲ್ಲಿ ಸೊಟ್ಟಗಾಗುತ್ತವೆ.

ಮೇಷ್ಟ್ರು ಗಣಿತದವರು. ಒಂದು ಕಟ್ಟು ಪಾಲಕ್ಕಿಗೆ ಎಷ್ಟು ಬಿತ್ತು ಅಂತ ಕೇಳುತ್ತಾರೆ. ಲೆಕ್ಕ ಮುಚ್ಚಿಡುವಂಥದ್ದೇನಲ್ಲ. 40 ವ್ಯಾಟಿನ ಪಂಪು, 20 ವ್ಯಾಟಿನ ಗಾಳಿ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯ ಸರಾಸರಿಯ ಅಂಚಿನಲ್ಲಿರುವ ಮನೆಗೆ ಅದು ಸಣ್ಣ ಮಾತಲ್ಲ. ಮೇವಿನ ಖರ್ಚು ಬೇರೆ. ಮಾರುಕಟ್ಟೆಯ ಪಾಲಕ್ಕಿನ ಮುಂದೆ ಇದು ಸೋಲುವ ಲೆಕ್ಕವೇ. ಗೆಲ್ಲುವುದು ನೀರಿನಲ್ಲಿ. ಅದೇ ನೀರು ಸುತ್ತುತ್ತಿರುವುದರಿಂದ ಆವಿಯಾಗಿ, ಎಲೆಯಿಂದ ಬೆವರಿ ಹೋಗುವ ನೂರಕ್ಕೆ ಒಂದರಿಂದ ಮೂರು ಪಾಲನ್ನು ದಿನಾ ತುಂಬಿದರಾಯಿತು. ಟ್ಯಾಂಕರ್ ನೀರು ಕೊಳ್ಳುವ ಬೇಸಿಗೆಯಲ್ಲಿ ಈ ಮಾತು ಮೇಷ್ಟ್ರಿಗೂ ನಾಟುತ್ತದೆ.

ಮೀನು ಮತ್ತು ಬೆಳೆ ಒಂದೇ ನೀರು ಹಂಚಿಕೊಳ್ಳುವುದು ಹೊಸದೇನೂ ಅಲ್ಲ. ಚೀನಾದ ಚಿಂಗ್‌ಟಿಯಾನ್‌ನಲ್ಲಿ ಗದ್ದೆಯೊಳಗೇ ಮೀನು ಬಿಡುವ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2005ರಲ್ಲಿ ಪಾರಂಪರಿಕ ಕೃಷಿ ಎಂದು ಗುರುತಿಸಿತು. ನಮ್ಮಲ್ಲೇ ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಬತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ನುಗ್ಗಿ ಮೀನು, ಸಿಗಡಿ. ಕಗ್ಗಕ್ಕೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಅಲ್ಲಿಯ ರೈತರಿಗೆ ಈ ಮೇಷ್ಟ್ರು ಪಕ್ಕದ ಮನೆಯವರಾಗಿರಲಿಲ್ಲ ಅಂತ ಕಾಣುತ್ತದೆ.

ಮದುವೆ, ಮುಂಜಿ ಅಂತ ಊರು ಬಿಟ್ಟಾಗಲೇ ನಿಜವಾದ ಕಂಟಕ. ಮೇಷ್ಟ್ರಿಗೆ ಕೀಲಿ ಕೊಟ್ಟು ಹೇಳುವುದು ಎರಡೇ: ಗಾಳಿಗುಳ್ಳೆ ಏಳುತ್ತಿದೆಯಾ ನೋಡಿ, ಬಲೆ ಮುಚ್ಚಿದೆಯಾ ನೋಡಿ. ಮೇವು? ಬೆಳೆದ ಮೀನಿಗೆ ವಾರದ ಏಕಾದಶಿ ಏನೂ ಭಾರವಲ್ಲ, ತೊಟ್ಟಿಯ ನೀರಿಗೆ ಅದರಿಂದ ಒಳ್ಳೆಯದೇ. ಹಾಗಂತ ವಿವರಿಸಿ ಹೇಳಿ, ಅವರೂ ಹೂಂಗುಟ್ಟಿದ ಮೇಲೆ, ಮೇವಿನ ಡಬ್ಬವನ್ನು ಬೀರುವಿನೊಳಗಿಟ್ಟು ಬೀಗ ಹಾಕಿಯೇ ಹೊರಡುತ್ತೇನೆ. ಮೇಷ್ಟ್ರ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಅವರ ಕರುಣೆಯ ಮೇಲೆ ಭಯ.