ಜೇನಿಗೆ ಪೋಸು ಕೊಡಲು ಪುರುಸೊತ್ತಿಲ್ಲ

ಶ್ರೀನಿವಾಸಪುರದ ಕಡೆ ಕ್ಯಾಮೆರಾ ಹಿಡಿದು ತೋಟದ ಬೇಲಿ ಪಕ್ಕ ಬಗ್ಗಿ ನಿಂತವನಿಗೆ ಎದುರಾಗುವ ಮೊದಲ ಪ್ರಶ್ನೆ, "ಸರ್ವೆಯವರಾ?" ಅಲ್ಲ, ಹಾರುವ ಜೇನಿನ ಫೋಟೊಗೆ ಬಂದವನು ಎಂದರೆ ಎರಡನೆಯದು, "ಅದರಿಂದ ಏನು ಬರುತ್ತೆ?" ಇದಕ್ಕೆ ಮ್ಯಾಕ್ರೊ ಲೆನ್ಸಿನ ಕೈಪಿಡಿಯಲ್ಲೂ ಉತ್ತರವಿಲ್ಲ.

ಜೇನು ಸೆಕೆಂಡಿಗೆ 200ಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತದೆ. ಷಟರನ್ನು ಸೆಕೆಂಡಿನ 2000ದಲ್ಲೊಂದು ಭಾಗಕ್ಕೆ ಇಟ್ಟರೂ ರೆಕ್ಕೆ ಮಸುಕು ಮಸುಕು. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಮೂಡುವ ಆಳವೋ ಒಂದೆರಡು ಮಿಲಿಮೀಟರ್. ಕಣ್ಣು ಸಿಕ್ಕರೆ ಕಾಲಿಲ್ಲ, ಕಾಲು ಸಿಕ್ಕರೆ ಜೇನೇ ಇಲ್ಲ. ತುಡುವೆ ಜೇನಿಗಂತೂ ಮದುವೆ ಮನೆಯಲ್ಲಿ ಸಾರು ಬಡಿಸುವವರ ಅವಸರ.

ಊರಿನ ಹೆಮ್ಮೆ ಮಾವಲ್ಲವೇ ಎಂದು ಮಾವಿನ ಹೂವಿಗೆ ಲೆನ್ಸು ತಿರುಗಿಸಿದರೆ ಅಲ್ಲಿ ನೊಣಗಳದೇ ದರ್ಬಾರು. ಪರಾಗಸ್ಪರ್ಶದಲ್ಲಿ ಅವುಗಳ ಪಾಲು ದೊಡ್ಡದು, ನಿಜ. ಆದರೆ ನೊಣದ ಫೋಟೊಗೆ ಲೈಕು ಒತ್ತುವ ನೆಂಟರು ಇನ್ನೂ ಹುಟ್ಟಿಲ್ಲ.

ನನ್ನ ಮಟ್ಟಿಗೆ ಟೊಮೆಟೊ ಸಾಲೇ ವಾಸಿ. ನೀಲಿಪಟ್ಟೆಯ ಜೇನು ಹೂವಿನ ಮುಂದೆ ಕ್ಷಣಕಾಲ ಗಾಳಿಯಲ್ಲೇ ನಿಲ್ಲುತ್ತದೆ. ಮಹಾ ಉಪಕಾರ! ಆಮೇಲೆ ಹೂವನ್ನು ತಬ್ಬಿ, ರೆಕ್ಕೆಯ ಸ್ನಾಯುಗಳನ್ನು ಝುಂಯ್ಯೆನಿಸಿ ಪರಾಗ ಉದುರಿಸುತ್ತದೆ. ಆ ವಿದ್ಯೆ ತುಡುವೆಗೆ ಬಾರದು. ಕೋಲಾರದ ಮಂಡಿಯಲ್ಲಿ ಟೊಮೆಟೊ ರೇಟು ಬಿದ್ದ ದಿನವೂ ನೀಲಿಪಟ್ಟೆಯದು ಅದೇ ಉತ್ಸಾಹ.

ಅಂಥದೊಂದು ಚಿತ್ರವನ್ನು ತೋಟದ ಯಜಮಾನರಿಗೆ ತೋರಿಸಿದೆ. ಜೇನನ್ನು ಬಿಟ್ಟು ಹಿಂದಿನ ಎಲೆಯ ಮೇಲೆ ಬೆರಳಿಟ್ಟರು: "ಇನ್ನೊಂಚೂರು ದೊಡ್ಡದು ಮಾಡಿ ಸ್ವಾಮಿ, ಇದು ರೋಗ ತಾನೇ?"