ಎರಡು ಕಾರ್ಬೊರೇಟರ್, ಒಂದು ಗುಲಗಂಜಿ

ಮೈಸೂರು ಜಿಲ್ಲೆಯಲ್ಲಿ ಹುಟ್ಟಿದವನು ಬೈಕು ಕೊಂಡರೆ ಯೆಜ್ಡಿಯನ್ನೇ ಕೊಳ್ಳಬೇಕು. ಇದು ನನ್ನ ಮಾತಲ್ಲ, ನನ್ನ ಮಾವನವರದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರೇ ಉದ್ಘಾಟಿಸಿದ್ದು, 1973ರಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂದದ್ದು, 1996ರಲ್ಲಿ ಬಾಗಿಲು ಮುಚ್ಚಿದ್ದು, ಈ ಮೂರನ್ನೂ ಅವರು ಮನೆಯವರ ಜನನ ಮರಣದ ಲೆಕ್ಕದ ಹಾಗೆ ಒಪ್ಪಿಸುತ್ತಾರೆ. ಟಿ. ನರಸೀಪುರದ ಅವರ ಮನೆಯ ಜಗಲಿ ಪಕ್ಕದಲ್ಲಿ ಒಂದು ಯೆಜ್ಡಿ ಇವತ್ತಿಗೂ ನಿಂತಿದೆ. ಕಿಕ್ಕರಿಗೂ ಗೇರಿಗೂ ಒಂದೇ ರಾಡು. ಸಿಲಿಂಡರ್ ಒಂದು, ಕಾರ್ಬೊರೇಟರ್ ಒಂದು, ಸೈಲೆನ್ಸರ್ ಮಾತ್ರ ಎರಡು. "ನೋಡೋರಿಗೆ ಎರಡು, ಖರ್ಚಿಗೆ ಒಂದು. ಸಂಸಾರಸ್ಥರ ಗಾಡಿ" ಎನ್ನುತ್ತಾರೆ.

ನಾನು ಕೊಂಡದ್ದು ರಾಜದೂತ್ 350. ಯಮಹಾದವರ ಆರ್‌ಡಿ 350ಯನ್ನು 1983ರಲ್ಲಿ ಎಸ್ಕಾರ್ಟ್ಸ್‌ನವರು ನಮ್ಮ ದೇಶಕ್ಕೆ ಇಳಿಸಿದ ಗಾಡಿ. 347 ಸಿಸಿ, ಆರು ಗೇರು, ಎರಡು ಸಿಲಿಂಡರು, ಎರಡು ಕಾರ್ಬೊರೇಟರು. ಕಾಲೇಜಿಗೆ ಹೋಗುವಾಗ ಲೂನಾ ಮೇಲೆ ಕೂತು ಇದರ ಹೊಗೆ ಕುಡಿದವನು ನಾನು. ಆ ಹೊಗೆ ತಲೆಗೆ ಹತ್ತಿ, ನಲವತ್ತೆಂಟನೇ ವಯಸ್ಸಿನಲ್ಲಿ, ಮನೆ ಮೇಲೆ ಸೋಲಾರ್ ಹಾಕಿಸಲೆಂದು ತೆಗೆದ ಪಿಎಫ್ ದುಡ್ಡಿನಲ್ಲಿ ಒಂದು ಹಳೇ ಗಾಡಿ ತಂದುಬಿಟ್ಟೆ. ನಂಜನಗೂಡಿನ ನಮ್ಮ ಮನೆಯಲ್ಲಿ ಈಗಲೂ ಹಂಡೆ ಒಲೆಯದೇ ಬಿಸಿನೀರು.

ಗಾಡಿ ಬಂದ ತಿಂಗಳಿಗೆ ಮಿಸ್ಸಿಂಗ್ ಶುರುವಾಯಿತು. ಒಂದು ಕಡೆ ಉರಿಯುತ್ತದೆ, ಇನ್ನೊಂದು ಕಡೆ ಯೋಚನೆ ಮಾಡುತ್ತದೆ. ಮೆಕ್ಯಾನಿಕ್ ನೋಡಿ ಹೇಳಿದ: "ಸಾರ್, ರೇಸ್ ಕೊಟ್ಟಾಗ ಎರಡೂ ಸ್ಲೈಡ್ ಒಂದೇ ಸಮಕ್ಕೆ ಏಳ್ಬೇಕು. ಒಂದು ಕೂದಲು ಹಿಂದೆ ಮುಂದೆ ಆದ್ರೂ ಹಿಂಗೇ. ಮಂಗಳವಾರ ಬಿಡಿ, ಮಾಡ್ಕೊಡ್ತೀನಿ." ಭಾನುವಾರ ನರಸೀಪುರದಲ್ಲಿ ಮಾವನವರ ಮನೆಯ ಸತ್ಯನಾರಾಯಣ ಪೂಜೆ. ಯೆಜ್ಡಿಯ ಮುಂದೆ ರಾಜದೂತನ್ನು ತಂದು ನಿಲ್ಲಿಸುವ ಮುಹೂರ್ತವನ್ನು ಒಬ್ಬ ಮೆಕ್ಯಾನಿಕ್ಕಿನ ಮಂಗಳವಾರಕ್ಕಾಗಿ ಬಿಡುವುದೇ? ವಿಷಯ ಏನೆಂದು ಕೇಳಿಕೊಂಡೆ. ವಿಷಯ ಸುಲಭವಾಗಿತ್ತು. ನನ್ನ ಬದುಕಿನಲ್ಲಿ ಕೆಟ್ಟುಹೋದದ್ದೆಲ್ಲ ಹೀಗೆ ಸುಲಭವಾಗಿದ್ದ ವಿಷಯಗಳೇ.

ಶನಿವಾರ ಬೆಳಿಗ್ಗೆ ಟ್ಯಾಂಕ್ ಬಿಚ್ಚಬೇಕಿತ್ತು. ಅದರಲ್ಲಿದ್ದ ಪೆಟ್ರೋಲನ್ನು ಬಕೆಟ್ಟಿಗೆ ಇಳಿಸಲು ಪೈಪಿಗೆ ಬಾಯಿಟ್ಟು ಎಳೆದೆ. ಬಂತು. ನಮ್ಮೂರ ದೇವರು ವಿಷ ಕುಡಿದು ನಂಜುಂಡನಾದ. ಆದರೆ ಅವನು ಗಂಟಲಲ್ಲೇ ತಡೆದ, ನನ್ನದು ಅರ್ಧ ಗುಟುಕು ಒಳಗಿಳಿಯಿತು. ಉಳಿದದ್ದನ್ನು ತುಳಸಿಕಟ್ಟೆಯ ಪಕ್ಕ ಉಗಿದೆ. ಅಮ್ಮ ಓಡಿ ಬಂದು ನಂಜನಗೂಡು ಹಲ್ಲುಪುಡಿಯ ಪೊಟ್ಟಣ ಕೈಗಿಟ್ಟಳು. ಮೂರು ಸಲ ತಿಕ್ಕಿದೆ. ಬಾಯಿ ಗುಲಾಬಿ ಬಣ್ಣವಾಯಿತು, ತೇಗು ಮಾತ್ರ ಸಂಜೆಯವರೆಗೂ ಪೆಟ್ರೋಲ್ ಬಂಕಿನದೇ. "ಟಿಪ್ಪು ಆನೆ ಕಣ್ಣು ವಾಸಿ ಮಾಡಿದ ಹಕೀಂ ನಂಜುಂಡ, ಇವನ ತಲೆ ನೋಡೋಕಾಗಲ್ವೇನಪ್ಪಾ" ಎಂದು ಅಮ್ಮ ದೇವಸ್ಥಾನದ ಕಡೆಗೆ ಕೈಮುಗಿದಳು.

ಇನ್ನು ಸ್ಲೈಡಿನ ಕೆಲಸ. ಹ್ಯಾಂಡಲಿನಿಂದ ಹೊರಡುವ ಆಕ್ಸಿಲೇಟರ್ ಕೇಬಲ್ ಕೆಳಗೆ ಬಂದು ಕವಲೊಡೆಯುತ್ತದೆ. ಒಂದು ಕವಲು ಎಡ ಕಾರ್ಬೊರೇಟರಿಗೆ, ಒಂದು ಬಲಕ್ಕೆ, ಮತ್ತೊಂದು ಆಯಿಲ್ ಪಂಪಿಗೆ. ಏರ್ ಫಿಲ್ಟರಿನ ರಬ್ಬರು ಕಳಚಿ, ಎರಡು ಕಾರ್ಬೊರೇಟರಿನ ಬಾಯಿಗೂ ಒಂದೊಂದು ಸೈಕಲ್ ಕಡ್ಡಿ ತೂರಿಸಿ ಅದರ ತುದಿಯನ್ನು ಸ್ಲೈಡಿನ ಅಡಿಗೆ ಸಿಕ್ಕಿಸಬೇಕು. ಮೆಲ್ಲಗೆ ರೇಸ್ ಕೊಟ್ಟರೆ ಸ್ಲೈಡು ಎದ್ದು ಕಡ್ಡಿಯ ಹೊರತುದಿ ಬಾಗುತ್ತದೆ. ಒಳಗಿನ ಕೂದಲೆಳೆಯ ವ್ಯತ್ಯಾಸ ಹೊರಗೆ ಬೆರಳಗಲ ಕಾಣುತ್ತದೆ. ಎರಡೂ ಒಟ್ಟಿಗೆ ತಲೆಬಾಗಿದರೆ ಗೆದ್ದಂತೆ. ಇಲ್ಲದಿದ್ದರೆ ಹಿಂದೆ ಬಿದ್ದ ಕಡೆಯ ಕೇಬಲ್ಲಿನ ನಟ್ಟು ತಿರುಗಿಸಿ ಸರಿಮಾಡಬೇಕು. ಇಷ್ಟು ಸೊಗಸಾದ ಉಪಾಯವನ್ನು ಕಂಡುಹಿಡಿದವನಿಗೆ ನಮಸ್ಕಾರ.

ಮನೆಯಲ್ಲಿ ಸೈಕಲ್ ಕಡ್ಡಿ ಇರಲಿಲ್ಲ. ದೇವರ ಮನೆಯಲ್ಲಿ ಗಂಧದಕಡ್ಡಿ ಇತ್ತು. ಉದ್ದ ಸಮ, ತೂಕ ಸಮ, ಮೇಲಾಗಿ ಮೈಸೂರಿನ ಮಾಲು. ಎರಡನ್ನು ಎತ್ತಿಕೊಂಡು ಬಂದು ತೂರಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು:

"ಏನ್ರೀ ಅದು?"

"ಸಿಂಕ್ರೊನೈಸೇಶನ್."

"ಹಚ್ಚಬೇಡಿ ಅಷ್ಟೆ. ಒಟ್ಟಿಗೇ ಹೋಗ್ತೀವಿ."

ಎಡಗಡ್ಡಿ ಬಾಗುವಷ್ಟರಲ್ಲಿ ಬಲಗಡ್ಡಿ ಬಾಗಿ, ಎದ್ದು, ಆಕಳಿಸುತ್ತಿತ್ತು. ನಟ್ಟು ತಿರುಗಿಸಿದೆ. ಈಗ ಎಡ ಮುಂದೆ, ಬಲ ಹಿಂದೆ. ಹಿಂದಕ್ಕೆ ತಿರುಗಿಸಿದೆ. ಹೀಗೇ ಮಧ್ಯಾಹ್ನವಾಯಿತು. ನರಸೀಪುರದ ಗುಂಜಾನರಸಿಂಹಸ್ವಾಮಿಯ ಬೆರಳಲ್ಲಿ ಒಂದು ಗುಲಗಂಜಿ ಇದೆ, ಕಾಶಿಗಿಂತ ಆ ಕ್ಷೇತ್ರ ಒಂದು ಗುಲಗಂಜಿ ಹೆಚ್ಚು ಎಂದು ಹೇಳುತ್ತಾರೆ. ಮದುವೆಯಾದಾಗಿನಿಂದ ಕೇಳಿದ್ದೆ, ಅಷ್ಟು ಸಣ್ಣ ವ್ಯತ್ಯಾಸವನ್ನು ತೂಗಿದವರು ಯಾರಪ್ಪಾ ಎಂದು ನಕ್ಕಿದ್ದೆ. ಅವತ್ತು ನಗು ಬರಲಿಲ್ಲ.

ಕೊನೆಗೊಮ್ಮೆ ಎರಡೂ ಕಡ್ಡಿ ಜೊತೆಯಲ್ಲೇ ಬಾಗಿದವು. ಎಲ್ಲ ಜೋಡಿಸಿ ಕಿಕ್ ಹೊಡೆದೆ. ಹದಿನೇಳನೆಯದಕ್ಕೆ ಹತ್ತಿಕೊಂಡಿತು. ಮೊದಲು ಬಂದದ್ದು ಹೊಗೆ, ಅದರ ಹಿಂದೆಯೇ ಮಲ್ಲಿಗೆಯ ಪರಿಮಳ. ಅದರ ಹಿಂದೆ ಮೌನ. ಕಡ್ಡಿಗೆ ಮೆತ್ತಿದ್ದ ಮಸಾಲೆ ಉದುರಿ, ಪೆಟ್ರೋಲಿನಲ್ಲಿ ಕಲಸಿ, ಸೂಜಿಮೊನೆಯಷ್ಟು ತೂತಿರುವ ಪೈಲಟ್ ಜೆಟ್ಟಿನಲ್ಲಿ ಕೂತಿತ್ತು. ಮತ್ತೆ ಬಿಚ್ಚಿ, ಪಕ್ಕದ ಮನೆಯ ಹುಡುಗನ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಪಂಪು ತಂದುಕೊಟ್ಟ ಹುಡುಗ ಕೇಳಿದ, "ಅಂಕಲ್, ಸೈಕಲ್ ಕಡ್ಡಿ ಬೇಕಿತ್ತಾ? ನನ್ ಹತ್ರ ಹತ್ತಿದಾವೆ."

ರಾತ್ರಿ ಪ್ಲಗ್ಗುಗಳನ್ನು ಬಿಚ್ಚಿ ಊಟದ ಮೇಜಿನ ಮೇಲಿಟ್ಟೆ. ಪ್ಲಗ್ಗಿನ ತುದಿ ಕಪ್ಪು ಮಸಿಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬಿಳುಚಿಕೊಂಡಿದ್ದರೆ ಗಾಳಿ ಹೆಚ್ಚು, ಹದವಾಗಿದ್ದರೆ ಕಾಫಿಪುಡಿಯ ಬಣ್ಣ. ನನ್ನವು ಒಂದು ಕಪ್ಪು, ಒಂದು ಬಿಳುಪು. ಹೆಂಡತಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, "ಒಂದು ಬರೀ ಡಿಕಾಕ್ಷನ್, ಒಂದು ಬರೀ ಹಾಲು" ಎಂದು ವಾಪಸಿಟ್ಟು ಮಲಗಲು ಹೋದಳು.

ಭಾನುವಾರ ಬೆಳಿಗ್ಗೆ ಆರಕ್ಕೆ ನಾನು ಮತ್ತೆ ಬೀದಿಯಲ್ಲಿ. ಏರ್ ಸ್ಕ್ರೂಗಳನ್ನು ಪೂರಾ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದೆ. ಗಾಡಿ ಸ್ಟಾರ್ಟ್ ಆಯಿತು, ಸ್ಲೋ ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟು ಹೂ ಮುಡಿದ ಹೆಂಡತಿ ಹೊರಗೆ ಬಂದಳು. ಬಸ್ಸಿಗೆ ಹೋಗೋಣ ಎನ್ನುತ್ತಾಳೆಂದು ಕಾದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಎರಡು ಸೈಲೆನ್ಸರಿಗೂ ಗೇಣು ದೂರದಲ್ಲಿ ಒಂದೊಂದು ಅಂಗೈ ಹಿಡಿದಳು. ಮಕ್ಕಳಿಗೆ ಜ್ವರ ಬಂದಾಗ ಒಬ್ಬರ ಹಣೆಯ ಮೇಲೊಂದು, ಇನ್ನೊಬ್ಬರ ಹಣೆಯ ಮೇಲೊಂದು ಕೈ ಇಟ್ಟು ಕಣ್ಣುಮುಚ್ಚುತ್ತಿದ್ದಳಲ್ಲ, ಹಾಗೆ.

"ಎಡಗಡೆದು ಊದ್ತಾನೇ ಇಲ್ಲ. ಸ್ಲೋ ಸ್ಕ್ರೂ ಸ್ವಲ್ಪ ಒಳಗೆ ಹಾಕಿ. ಸ್ವಲ್ಪ ಅಂದೆ. ಹಿಂದಕ್ಕೆ... ಇನ್ನೊಂಚೂರು... ಸಾಕು. ಈಗ ರೇಸ್ ಕೊಡಿ. ಎಡ ಲೇಟಾಗಿ ಏಳ್ತಿದೆ, ನಿಮ್ಮ ಹಾಗೇ. ಅದರ ಕೇಬಲ್ ಬಿಗಿ ಮಾಡಿ."

ಹತ್ತು ನಿಮಿಷ. ಗಾಡಿ ಡಿಂಗ್ ಡಿಂಗ್ ಎಂದು ತಾಳಕ್ಕೆ ನಿಂತಿತು. ನನಗೆ ಮಾತೇ ಹೊರಡಲಿಲ್ಲ. "ಅಪ್ಪ ಭಾನುವಾರ ಭಾನುವಾರ ಯೆಜ್ಡಿ ಬಿಚ್ಚುವಾಗ ಟಾರ್ಚ್ ಹಿಡೀತಿದ್ದಿದ್ದು ಯಾರು?" ಎಂದು ಅವಳೇ ಕೇಳಿ, ಒಳಗಿನಿಂದ ಕುಂಕುಮ ತಂದು, ಸ್ಕ್ರೂ ನಿಂತ ಜಾಗಕ್ಕೂ ಅದರ ಎದುರಿನ ಮೈಗೂ ಸೇರಿಸಿ ಒಂದು ಗೆರೆ ಎಳೆದಳು. ಅಲುಗಾಡಿದರೆ ಗೊತ್ತಾಗಬೇಕಂತೆ. ಅಮ್ಮ ಅದನ್ನು ಪೂಜೆ ಎಂದುಕೊಂಡು ನಿಂಬೆಹಣ್ಣು ತಂದಳು.

ಕಪಿಲೆ ದಿನಾ ಯಾರ ಸಹಾಯವೂ ಇಲ್ಲದೆ ನಂಜನಗೂಡಿನಿಂದ ನರಸೀಪುರಕ್ಕೆ ಹೋಗುತ್ತಾಳೆ. ನಮಗೆ ಒಂದೂವರೆ ದಿನ ಬೇಕಾಯಿತು. ಆದರೂ ಹೋದೆವು, ಒಮ್ಮೆಯೂ ನಿಲ್ಲದೆ, ಮಂಗಳಾರತಿಯ ಹೊತ್ತಿಗೆ. ಮಾವನವರು ಪಂಚೆ ಮೇಲೆತ್ತಿಕೊಂಡು ಹೊರಗೆ ಬಂದು, ಕಣ್ಣುಮುಚ್ಚಿ ಒಂದು ನಿಮಿಷ ಕೇಳಿದರು. ಬಗ್ಗಿ ಕುಂಕುಮದ ಗೆರೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, "ಎರಡು ಕಾರ್ಬೊರೇಟರ್ ಅಲ್ವಾ ಮಾವ, ಸಿಂಕ್ರೊನೈಸ್ ಮಾಡೋದು ಸ್ವಲ್ಪ ಸೂಕ್ಷ್ಮ" ಎಂದು ಶುರುಮಾಡಿದೆ. ಅವರು ನನ್ನನ್ನು ದಾಟಿ ಮಗಳ ಕಡೆ ತಿರುಗಿ, "ಅಂಗೈ ಸುಟ್ಕೊಂಡ್ಯೇನಮ್ಮ?" ಎಂದರು.

ಮಾತು ಬದಲಿಸಲು ಸಂಗಮದ ವಿಷಯ ತೆಗೆದೆ. ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಮೂರನೆಯ ಸ್ಫಟಿಕ ಸರೋವರ ಗುಪ್ತಗಾಮಿನಿ, ನನ್ನ ಗಾಡಿಯಲ್ಲೂ ಹಾಗೇ, ಎಡ ಬಲ ಎರಡು ಧಾರೆ ಒಂದೇ ವೇಗದಲ್ಲಿ ಹರಿದರೆ ಮೂರನೆಯದಾಗಿ ಶಕ್ತಿ ಹುಟ್ಟುತ್ತದೆ ಎಂದೆ. ಹೋಲಿಕೆ ನನಗೇ ಬಹಳ ಹಿಡಿಸಿತು. ಅತ್ತೆ ಮಾತ್ರ ನೆಲ ನೋಡುತ್ತಿದ್ದರು. ಪೆಟ್ರೋಲ್ ಕೀ ಮುಚ್ಚಲು ಮರೆತಿದ್ದೆ. ಎಡ ಕಾರ್ಬೊರೇಟರಿನ ಓವರ್‌ಫ್ಲೋ ಪೈಪಿನಿಂದ ತೊಟ್ಟು ತೊಟ್ಟಾಗಿ ಇಳಿದು, ಪೂಜೆಗೆಂದು ಹಾಕಿದ್ದ ರಂಗೋಲಿಯ ಒಂದು ದಳ ಆಗಲೇ ಕರಗಿತ್ತು.

ಅತ್ತೆ ಒಳಗೆ ಹೋಗಿ, ಪೂಜೆಗೆ ಒಡೆದ ಕಾಯಿಯ ಚಿಪ್ಪೊಂದನ್ನು ತಂದು ಅದರ ಕೆಳಗಿಟ್ಟು, ಏನೂ ಅನ್ನದೆ ಎಲೆ ಹಾಕಲು ಹೋದರು. ನಾನು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುವ ಹೊತ್ತಿಗೆ ಚಿಪ್ಪು ಅರ್ಧ ತುಂಬಿತ್ತು.