ಹಬ್ ಮಟ್ಟದ ಮಳೆ

ಕೊತ್ತಗೆರೆಯಲ್ಲಿ ಮೋಡ ಕಟ್ಟಿತೆಂದರೆ ಜನ ಎರಡು ಕೆಲಸ ಮಾಡುತ್ತಾರೆ. ಅಂಗಳದಲ್ಲಿ ಹರವಿದ್ದನ್ನು ಒಳಗೆಳೆದುಕೊಳ್ಳುತ್ತಾರೆ. ಆಮೇಲೆ ಬಾರ್ಮೇರಣ್ಣನ ಜಗಲಿ ಮುಂದೆ ಹಾಯದೆ ಹಿಂದಿನ ಓಣಿ ಹಿಡಿದು ಮನೆ ಸೇರುತ್ತಾರೆ. ಮೊದಲ ಹನಿ ಬೀಳುವ ಹೊತ್ತಿಗೆ ಅವನ ಕೈಗೆ ಸಿಕ್ಕಿದವನು ರಾಜಸ್ಥಾನ ಸುತ್ತದೆ ಊಟಕ್ಕೆ ಹೋಗುವಂತಿಲ್ಲ.

ಹೆಸರು ಕೇಳಿದ ಹೊಸಬರು, ಪಾಪ, ಹಿಂದೆಲ್ಲೋ ಬಾರ್ ಇಟ್ಟಿದ್ದನೇನೋ ಅಂದುಕೊಳ್ಳುತ್ತಾರೆ. ಅವನು ಲಾಂಗ್ ರೂಟ್ ಲಾರಿ ಡ್ರೈವರು. ಕುಣಿಗಲ್, ಗುಬ್ಬಿ, ತಿಪಟೂರು ಸೀಮೆಯಲ್ಲಿ ಇಂಥವರು ಊರಿಗೊಬ್ಬರಾದರೂ ಇದ್ದಾರೆ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದು, ಮಂಡಿ ಸವೆದ ಮೇಲೆ ಬಂದು ಜಗಲಿಗೆ ಒರಗಿದವರು. ಗುರುತು ಹಿಡಿಯುವುದು ಕಷ್ಟವಲ್ಲ. ಕಿಟಕಿಯಾಚೆ ಇಟ್ಟು ಇಟ್ಟು ಬಲಗೈ ಎಡಗೈಗಿಂತ ಒಂದು ಬಣ್ಣ ಕಪ್ಪು. ದಾರಿ ಕೇಳಿದರೆ ಊರಿನ ಹೆಸರು ಬಿಟ್ಟು ಧಾಬಾಗಳ ಹೆಸರು ಹೇಳುತ್ತಾರೆ. ಮದುವೆ ಮನೆಯ ಹಂಡೆ ನೋಡಿದರೂ ‘ಇದು ಎಷ್ಟು ಟನ್ನು’ ಎಂಬ ಲೆಕ್ಕವೇ.

ಬಾರ್ಮೇರಣ್ಣನ ವಿಶೇಷ ಏನೆಂದರೆ, ಜಗತ್ತಿನ ನೀರನ್ನೆಲ್ಲ ಅವನು ಲಾರಿಯಲ್ಲೇ ಅಳೆಯುತ್ತಾನೆ. ಕೆರೆಗೆ ನೀರು ಬಂತಾ ಅಂದರೆ ‘ಹಬ್ ಮಟ್ಟ ಬಂದೈತೆ’. ತುಂಬಿತಾ ಅಂದರೆ ‘ಇನ್ನೂ ಫುಟ್‌ಬೋರ್ಡ್ ಮುಟ್ಟಿಲ್ಲ ಕಣಪ್ಪ’. ಸೀಟಿನ ಮಟ್ಟಕ್ಕೆ ಬಂದ ನೀರನ್ನು ಅವನು ಕಂಡದ್ದು ಒಂದೇ ಕಡೆ, ಮರುಭೂಮಿಯಲ್ಲಿ.

2006ರ ಆಗಸ್ಟ್. ತಿಪಟೂರಿನ ಉಂಡೆಕೊಬ್ಬರಿ ಲೋಡು. ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿಸಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನುವ ತನಕ ಕಾದು, ಸುಲಿದು, ಚಿಪ್ಪು ಒಡೆದು ತೆಗೆದ ಮಾಲು. ನಾವು ಒಣಗಿಸುವುದು, ಉತ್ತರದವರು ಹಬ್ಬಕ್ಕೆ ತಿನ್ನುವುದು. ಒಂದು ಹನಿ ತಗುಲಿದರೂ ಬೂಸ್ಟು. ಅದಕ್ಕೇ ಶಿರಾ, ಚಿತ್ರದುರ್ಗ, ಹುಬ್ಬಳ್ಳಿ, ಪುಣೆ, ಅಹಮದಾಬಾದ್ ಅಂತ ಇಡೀ ಮುಂಗಾರನ್ನು ಸೀಳಿಕೊಂಡು ಹೋಗುವಾಗ ಟಾರ್ಪಾಲಿನ ಹಗ್ಗ ಒಂದು ಗೇಣೂ ಸಡಿಲ ಬಿಟ್ಟಿರಲಿಲ್ಲವಂತೆ. (ಈ ಭಾಗ ಕೇಳುವುದಕ್ಕೆ ಅರ್ಧ ಗಂಟೆ ಬೇಕು. ಅವನು ಪುಣೆ ದಾಟುವಷ್ಟರಲ್ಲಿ ನಮ್ಮ ಕಾಫಿ ಆರಿರುತ್ತದೆ.)

ಜೋಧ್‌ಪುರದಲ್ಲಿ ಅರ್ಧ ಮಾಲು ಇಳಿಯಿತು. ಉಳಿದರ್ಧ ಬಾರ್ಮೇರಿಗೆ. ‘ಇನ್ನು ಮರಳುಗಾಡು, ಟಾರ್ಪಾಲು ಯಾಕೆ?’ ಎಂದು ಅದನ್ನು ಮಡಚಿ ಕ್ಯಾಬಿನ್ ಮೇಲೆ ಎಸೆದರು. ಯಾರು ಹಾಗೆಂದದ್ದು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅಣ್ಣನ ಪ್ರಕಾರ ಕ್ಲೀನರು. ಕ್ಲೀನರು ಈಗ ಹುಲಿಯೂರುದುರ್ಗದ ಕಡೆ ಟಯರ್ ಅಂಗಡಿ ಇಟ್ಟಿದ್ದಾನೆ. ಅವನ ಪ್ರಕಾರ ಅಣ್ಣ. ಇಬ್ಬರೂ ದೇವರ ಮೇಲೆ ಆಣೆ ಇಡುತ್ತಾರೆ, ದೇವರು ಮಾತ್ರ ಬೇರೆ ಬೇರೆ.

ಬಾಲೋತ್ರಾ ದಾಟಿ ಬಾಯ್ತು ಕಡೆ ತಿರುಗಿದ್ದೇ ತಡ, ಶುರುವಾಯಿತು. ವರ್ಷವಿಡೀ 300 ಮಿ.ಮೀ. ಮುಟ್ಟದ ಜಿಲ್ಲೆ ಅದು. ಅವತ್ತು ಇಡೀ ವರ್ಷದ ಮಳೆಗಿಂತ ಹೆಚ್ಚು ಮೂರ್ನಾಲ್ಕು ದಿನದಲ್ಲೇ ಸುರಿಯಿತು. ‘ಮಳ್ಳು ನೀರು ಕುಡೀತದೆ ಅಂತ ನಾವು ತಿಳ್ಕಂಡಿದ್ವಿ. ಅದು ಉಗುಳ್ತು ಕಣ್ಲಾ!’ ಮರಳಿನ ಕೆಳಗೆ ಜಿಪ್ಸಮ್ ಪದರವಿದ್ದದ್ದರಿಂದ ನೀರು ಇಂಗದೆ ನಿಂತಿತು ಎಂದು ಆಮೇಲೆ ಪತ್ರಿಕೆಗಳು ಬರೆದವು. ಅಣ್ಣನ ಭಾಷೆಯಲ್ಲಿ ‘ದೇವ್ರು ಕೆಳಗೆ ಸಿಮೆಂಟ್ ಬಳಿದವ್ನೆ’. ನೀರು ಹಬ್‌ಗೆ ಬಂತು, ಬ್ಯಾಟರಿ ಬಾಕ್ಸಿಗೆ ಬಂತು, ಫುಟ್‌ಬೋರ್ಡಿಗೆ ಬಂತು. ಇಬ್ಬರೂ ಕೊಬ್ಬರಿ ಚೀಲದ ಮೇಲೆ ಹತ್ತಿ, ಎರಡು ಹಗಲು ಎರಡು ರಾತ್ರಿ ಅದನ್ನೇ ಕಚ್ಚಿಕೊಂಡು ಕೂತರು. ಟಾರ್ಪಾಲನ್ನು ಕೊಬ್ಬರಿಗೆ ಹೊದಿಸಲಿಲ್ಲವೇ ಅಂದರೆ, ‘ನಮಗೇ ಸಾಲ್ನಿಲ್ಲ’.

ಮುಂದಿನ ಕವಾಸ್ ಎಂಬ ಊರಿನ ಹೆಸರು ಬಂದಾಗ ಮಾತ್ರ ಅವನ ದನಿ ತಗ್ಗುತ್ತದೆ. ಆ ಊರು ಮುಳುಗಿತ್ತು. ಸೈನ್ಯದವರು ಮರುಭೂಮಿಯಲ್ಲಿ ದೋಣಿ ನಡೆಸಿದರು. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಜನ ಹೋದರು. ಅಲ್ಲಿ ಒಂದು ಗಳಿಗೆ ಸುಮ್ಮನಾಗಿ ಬೀಡಿ ಹಚ್ಚುತ್ತಾನೆ. ನಾವೂ ಆಗ ಎದ್ದು ಹೋಗುವುದಿಲ್ಲ.

ಅತ್ತಿಗೆಯ ಕಥೆ ಬೇರೆ. ‘ಎಸ್‌ಟಿಡಿಯಿಂದ ಫೋನ್ ಮಾಡಿ, ಮಳೆ ಮಳೆ ಅಂತ ಬಡ್ಕಂಡ್ರು. ಇಲ್ಲಿ ರಾಗಿ ಪೈರು ಬಾಡ್ತಿತ್ತು. ನಾಲ್ಕು ಹನಿ ಇತ್ಲಾಗೆ ತತ್ತನ್ನಿ ಅಂದೆ.’ ಬಂದದ್ದು ಬೂಸ್ಟು ಹಿಡಿದ ಒಂದು ಚೀಲ ಕೊಬ್ಬರಿ ಮತ್ತು ಈ ಕಥೆ. ಕೊಬ್ಬರಿ ತಿಪ್ಪೆಗೆ ಹೋಯಿತು.

ಹೇಮಾವತಿ ಲಿಂಕ್ ಕೆನಾಲ್ ಗಲಾಟೆ ಎದ್ದು, ನೀರು ನಮಗೆ ಎಂದು ಕುಣಿಗಲ್‌ನವರೂ ಬಿಡೆವು ಎಂದು ಗುಬ್ಬಿಯವರೂ ಜಿದ್ದಿಗೆ ಬಿದ್ದಾಗ ಹೋಟೆಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಅಣ್ಣ ನಡುವೆ ನುಗ್ಗಿದ. ‘ಪಂಜಾಬಿನ ಹರಿಕೆಯಿಂದ ಜೈಸಲ್ಮೇರ್‌ಗೆ 600 ಕಿಲೋಮೀಟರ್ ಮೇಲೆ ಇಂದಿರಾ ಗಾಂಧಿ ಕಾಲುವೆ ತಂದವ್ರೆ. ನಮಗೆ ಗೊರೂರಿಂದ ತರಕಾಗಕ್ಕಿಲ್ವಾ?’ ಎಲ್ಲರೂ ತಲೆದೂಗಿದರು. ಬಹಳ ವರ್ಷದ ಮೇಲೆ ಅವನ ರಾಜಸ್ಥಾನ ಕೆಲಸಕ್ಕೆ ಬಂದಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ಆ ಕಾಲುವೆ ಅತ್ಲಾಗಿರ್ಲಿ, ಬಾಯ್ತು ಹತ್ರ ನಾನು…’ ಎಂದ. ಹೋಟೆಲು ಖಾಲಿ.

ಹೋದ ವಾರ ನಾನು ಹಿಂದಿನ ಓಣಿ ಹಿಡಿಯುವುದನ್ನು ಮರೆತು ಸಿಕ್ಕಿಬಿದ್ದೆ. ಕಥೆ ಅಹಮದಾಬಾದಿನಲ್ಲಿತ್ತು. ಮಳೆ ದಬದಬ ಬಿತ್ತು. ಅಂಗಳದಲ್ಲಿ ಬಿಸಿಲಿಗೆ ಹರವಿದ್ದ ಇವರದೇ ಕೊಬ್ಬರಿ. ಅತ್ತಿಗೆ ಸೆರಗು ಸಿಕ್ಕಿಸಿ ಓಡಿ ಬಂದು ಮಂಕರಿಗೆ ತುಂಬುತ್ತಾ, ‘ಕೊಬ್ಬರಿ ನೆನೀತೈತೆ, ಎದ್ದು ಟಾರ್ಪಾಲ್ ಎಳೀರಿ!’ ಎಂದು ಕೂಗಿದರು.

ಅಣ್ಣ ಜಗಲಿಯಿಂದ ಬಗ್ಗಿ ಅಂಗಳದ ನೀರು ನೋಡಿದ. ‘ಬಿಡೇ, ಇನ್ನೂ ಹಬ್ಬಿಗೇ ಬಂದಿಲ್ಲ’ ಎಂದು, ನನ್ನ ಕಡೆ ತಿರುಗಿ ಪಾಲನ್ಪುರ ದಾಟಿದ.